ಹಳೆ ಬ್ಲಾಕಿಗೆ ಹೊಸ ಹೆಡ್: ಕೂರಿಸುವ ಮುನ್ನ ಅಳೆಯಿರಿ

ಇಂಜಿನ್ನಿನ ಹೆಡ್ ಒಡೆದರೆ ಅದೇ ನಮೂನೆಯ ಹೆಡ್ಡಿಗಾಗಿ ಅಲೆದಾಟ ಶುರು. ಪೇಟೆಯಲ್ಲಿ ಸಿಗುವುದಿಲ್ಲ, ಗುಜರಿಯಲ್ಲಿ ಸಿಕ್ಕಿದ್ದೂ ಒಡೆದದ್ದೇ. ಕೊನೆಗೆ ಒಬ್ಬ ಅಂಗಡಿಯವನು ಹೇಳುತ್ತಾನೆ: "ಅದು ಬರೋದು ನಿಂತು ಎಷ್ಟೋ ವರ್ಷ ಆಯ್ತು ಯಜಮಾನ್ರೇ. ಇದು ಆಮೇಲಿನ ಮಾಡ್ಲು. ಸ್ಟಡ್ಡೆಲ್ಲಾ ಒಂದೇ. ತಗೊಂಡೋಗಿ ಕೂರಿಸ್ಕೊಳ್ಳಿ."

ಅವನು ಸುಳ್ಳು ಹೇಳುತ್ತಿಲ್ಲ. ಬಹಳ ಸಲ ಅದು ಕೂರುತ್ತದೆ. ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. ಹೆಣ್ಣು ತರುವಾಗ ಬರೀ ಎತ್ತರ ನೋಡಿ ತರುತ್ತೇವೆಯೇ? ಒಂದೇ ಕಂಪನಿ ಒಂದೇ ಇಂಜಿನ್ನನ್ನು ಇಪ್ಪತ್ತು ಮೂವತ್ತು ವರ್ಷ ಮಾಡಿದಾಗ ಹೊರಗಿನ ಅಳತೆ ಹಾಗೇ ಉಳಿಸಿ ಒಳಗಡೆ ಬದಲಾಯಿಸುತ್ತಾ ಹೋಗುತ್ತದೆ. ನೀರಿನ ದಾರಿ ಬದಲಾಗಿರುತ್ತದೆ, ಆಯಿಲಿನ ದಾರಿ ಬದಲಾಗಿರುತ್ತದೆ, ಬೆಂಕಿ ಹತ್ತುವ ಜಾಗವೇ ಬದಲಾಗಿರಬಹುದು. ಇದನ್ನು ನೋಡದೆ ನಟ್ ಬಿಗಿದರೆ ಹೊಸ ಹೆಡ್ಡಿನ ದುಡ್ಡಿನ ಜೊತೆ ಹಳೆ ಬ್ಲಾಕೂ ಹೋಗುತ್ತದೆ.

ನಮ್ಮದು ಮಳೆ ನಂಬಿದ ಸೀಮೆ. ಶೇಂಗಾ ಹೂವಾಡುವಾಗ, ಈರುಳ್ಳಿ ಗಡ್ಡೆ ಕಟ್ಟುವಾಗ ಒಂದೆರಡು ನೀರು ಕೊಟ್ಟರೆ ಬೆಳೆ, ಕೊಡದಿದ್ದರೆ ಬರೀ ಹೊಟ್ಟು. ಕರೆಂಟಿನ ಮೋಟಾರು ಬಂದ ಮೇಲೂ ಹಲವರು ಹಳೆ ಡೀಸೆಲ್ ಇಂಜಿನ್ ಇಟ್ಟುಕೊಂಡಿರುವುದು ಇದಕ್ಕೇ. ನನ್ನ ಬಾವಿಯ ಇಂಜಿನ್ನಿಗೂ ಹೀಗೆ ಆಮೇಲಿನ ನಮೂನೆಯ ಹೆಡ್ ಹಾಕಿಸಿದ್ದೇನೆ. ಅದರಿಂದ ತಿಳಿದದ್ದನ್ನೂ, ಲೇತಿನವರಿಂದ, ಲಾರಿ ಮೇಸ್ತ್ರಿಗಳಿಂದ ಕೇಳಿ ಕಲಿತದ್ದನ್ನೂ ಕ್ರಮವಾಗಿ ಬರೆಯುತ್ತೇನೆ. ಪಂಪ್‌ಸೆಟ್ ಇರಲಿ, ಟ್ರ್ಯಾಕ್ಟರ್ ಇರಲಿ, ಲಾರಿ ಇರಲಿ, ಲೆಕ್ಕ ಒಂದೇ.

ಪ್ಯಾಕಿಂಗೇ ನಕಾಶೆ

ಮೊದಲು ಹೆಡ್ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್ ಕೈಗೆ ತೆಗೆದುಕೊಳ್ಳಿ. ಹಳೆಯದೊಂದು, ಹೊಸ ಹೆಡ್ಡಿನದೊಂದು, ಎರಡೂ ಬೇಕು. ಹಳೆಯ ಪ್ಯಾಕಿಂಗನ್ನು ಹೊಸ ಹೆಡ್ಡಿನ ಮೇಲೆ ಇಟ್ಟು ನೋಡಿ. ಹೊಸ ಪ್ಯಾಕಿಂಗನ್ನು ಹಳೆ ಬ್ಲಾಕಿನ ಮೇಲೆ ಇಟ್ಟು ನೋಡಿ. ಪ್ಯಾಕಿಂಗ್ ಸಿಗದಿದ್ದರೆ ಒಂದು ರಟ್ಟನ್ನು ಬ್ಲಾಕಿನ ಮೇಲಿಟ್ಟು ಬೆರಳಿಗೆ ಗ್ರೀಸು ಹಚ್ಚಿ ಉಜ್ಜಿದರೆ ತೂತುಗಳ ಅಂಚು ಅಚ್ಚಾಗಿ ಬೀಳುತ್ತದೆ.

ತೂತುಗಳು ನಾಲ್ಕು ಜಾತಿ: ಸ್ಟಡ್ಡಿನದು, ನೀರಿನದು, ಆಯಿಲಿನದು, ಪುಶ್‌ರಾಡಿನದು. ಒಂದೊಂದಕ್ಕೂ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಬ್ಲಾಕಿನಲ್ಲಿ ಇದ್ದು ಹೆಡ್ಡಿನಲ್ಲಿ ಇಲ್ಲದ್ದು ಯಾವುದು, ಹೆಡ್ಡಿನಲ್ಲಿ ಇದ್ದು ಬ್ಲಾಕಿನಲ್ಲಿ ಇಲ್ಲದ್ದು ಯಾವುದು, ಕಾಗದದ ಮೇಲೆ ಬರೆದುಕೊಳ್ಳಿ.

ಸಿಲಿಂಡರ್ ಸುತ್ತ ಬರುವ ಬೆಂಕಿ ಬಳೆ ಮುಖ್ಯ. ಆ ಬಳೆ ಪೂರ್ತಿ ಸುತ್ತು ಮೇಲೂ ಕೆಳಗೂ ಗಟ್ಟಿ ಕಬ್ಬಿಣದ ಮೇಲೆ ಕೂರಬೇಕು. ಒಂದು ಕಡೆ ನೀರಿನ ತೂತಿನ ಅಂಚಿಗೆ ಬಂದರೂ ಅಲ್ಲಿಂದಲೇ ಸುಡಲು ಶುರುವಾಗುತ್ತದೆ. ಬಳೆ ಬೋರಿನ ಒಳಕ್ಕೆ ಇಣುಕಿದರೂ ಕೆಟ್ಟದ್ದೇ, ಆ ಅಂಚು ಕೆಂಪಗೆ ಕಾಯುತ್ತದೆ.

ಈ ಪ್ಯಾಕಿಂಗಿನ ಕಾಟ ದೊಡ್ಡ ಕಂಪನಿಗಳಿಗೂ ತಪ್ಪಿಲ್ಲ. ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿ 1960ರ ದಶಕದ ಕೊನೆಗೆ 500 ಅನ್ನುವ ಲಾರಿ ಇಂಜಿನ್ ತಂದಿತು. ಅದರಲ್ಲಿ ಹೆಡ್ಡೂ ಬ್ಲಾಕೂ ಒಂದೇ ಎರಕ. ಪ್ಯಾಕಿಂಗೇ ಇಲ್ಲದಿದ್ದರೆ ಸುಡುವುದೇನು ಅಂತ ಅವರ ಲೆಕ್ಕ. ಆದರೆ ವಾಲ್ವ್ ಕೆಲಸಕ್ಕೂ ಇಡೀ ಇಂಜಿನ್ ಬಿಚ್ಚಬೇಕಾಗಿ ಬಂದು ಆ ಇಂಜಿನ್ ಬಹಳ ಕಾಲ ಬಾಳಲಿಲ್ಲ. ಬಿಚ್ಚುವ ಹಾಗೆ ಇರುವುದೇ ಒಳ್ಳೆಯದು, ಆದರೆ ಬಿಗಿಯುವುದನ್ನು ಸರಿಯಾಗಿ ಬಿಗಿಯಬೇಕು.

ನೀರಿನ ದಾರಿ

ನೀರಿನ ತೂತು ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ಕಾಲುವೆಯಲ್ಲಿ ಮಡೆ ಬಿಡುವ ಹಾಗೆ ಇದೂ ಒಂದು ಹಂಚಿಕೆ. ಎಲ್ಲಿ ಬಿಸಿ ಹೆಚ್ಚೋ ಅಲ್ಲಿಗೆ ನೀರು ಹೋಗುವ ಹಾಗೆ ಕೆಲವು ತೂತು ಸಣ್ಣದು, ಕೆಲವು ದೊಡ್ಡದು ಮಾಡಿರುತ್ತಾರೆ. ಮೊದಲ ಮಡೆಯನ್ನೇ ಅಗಲ ಮಾಡಿದರೆ ಕೊನೆಯ ಮಡಿಗೆ ನೀರು ಹೋಗುವುದಿಲ್ಲ.

ಇದಕ್ಕೆ ಅಮೆರಿಕದ ಒಂದು ಹಳೆ ಉದಾಹರಣೆ ಚೆನ್ನಾಗಿದೆ. ಅಲ್ಲಿ ಚೆವರ್ಲೆ ಲಾರಿಗಳಿಗೆ 1954ರಿಂದ 1962ರವರೆಗೆ 261 ಕ್ಯೂಬಿಕ್ ಇಂಚಿನ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಬರುತ್ತಿತ್ತು. ಅದರ ತಮ್ಮನಂತಿದ್ದದ್ದು 235 ಇಂಚಿನದು. ತಮ್ಮನ ಹೆಡ್ ಅಣ್ಣನ ಬ್ಲಾಕಿನ ಮೇಲೆ ಸ್ಟಡ್ಡಿಗೆ ಸ್ಟಡ್ಡು ಕೂರುತ್ತದೆ. ಆದರೆ 261ರಲ್ಲಿ ಬೋರ್ ದೊಡ್ಡದು ಮಾಡಲು ಹೋಗಿ ಸಿಲಿಂಡರುಗಳು ಎರಡೆರಡು ಅಂಟಿಕೊಂಡಿವೆ, ನಡುವೆ ನೀರು ಹೋಗಲು ಜಾಗವಿಲ್ಲ. ಅಲ್ಲಿ ಹುಟ್ಟುವ ಹಬೆ ಮೇಲಕ್ಕೆ ಹೋಗಲಿ ಅಂತ ಸಣ್ಣ ಸಣ್ಣ ತೂತು ಇಟ್ಟಿದ್ದಾರೆ. 235ರ ಹೆಡ್ಡಿನಲ್ಲಿ ಆ ತೂತು ಇಲ್ಲ. ತಿಳಿದವರು 261ರ ಪ್ಯಾಕಿಂಗನ್ನೇ ಇಟ್ಟು, ಅದರ ಗುರುತಿನಂತೆ ಹೆಡ್ಡಿಗೆ ತೂತು ಕೊರೆದು ಕೂರಿಸುತ್ತಾರೆ. ಕೊರೆಯದಿದ್ದರೆ ಹಬೆ ಅಲ್ಲೇ ನಿಂತು ಕಬ್ಬಿಣ ಅತಿಯಾಗಿ ಕಾಯುತ್ತದೆ. ಗಾಡಿ ಖಾಲಿ ಓಡುವಾಗ ಏನೂ ಗೊತ್ತಾಗುವುದಿಲ್ಲ, ಲೋಡು ಹಾಕಿ ಏರು ಹತ್ತಿದಾಗ ಗೊತ್ತಾಗುತ್ತದೆ.

ಬ್ಲಾಕಿನಲ್ಲಿ ತೂತು ಇದ್ದು ಹೆಡ್ಡಿನಲ್ಲಿ ಇಲ್ಲದಿದ್ದರೆ ಕೊರೆಯುವ ಮುಂಚೆ ಹೆಡ್ಡಿನ ಆ ಜಾಗದ ಮೇಲೆ ನಿಜವಾಗಿ ನೀರಿನ ಕೋಣೆ ಇದೆಯೇ ಅಂತ ಬಾಗಿದ ತಂತಿ ಬಿಟ್ಟು ನೋಡಿ. ಇಲ್ಲದ ಕಡೆ ಕೊರೆದರೆ ಹೊಗೆದಾರಿಗೋ ಆಯಿಲಿಗೋ ತೂತು ಬಿದ್ದೀತು. ಹೆಡ್ಡಿನಲ್ಲಿ ಬೇಡದ ತೂತು ಇದ್ದರೆ ಮರೆ ಹಾಕಿಸಿ, ಗುಂಡಿ ತಿರುಗಿಸಿ ಕೂರಿಸಿ, ಮೇಲ್ಮೈ ಸಮ ಮಾಡಿಸಬೇಕು. ಎಂ-ಸೀಲ್ ಮೆತ್ತಿದರೆ ಅಲ್ಲಿ ನಿಲ್ಲುವುದಿಲ್ಲ.

ರಾಕರಿಗೆ ಆಯಿಲ್ ಎಲ್ಲಿಂದ?

ಕೆಲವು ಹಳೆ ಇಂಜಿನ್ನುಗಳಲ್ಲಿ ರಾಕರಿಗೆ ಆಯಿಲ್ ಹೊರಗಿನ ಸಣ್ಣ ಪೈಪಿನಿಂದ ಬರುತ್ತದೆ, ಇನ್ನು ಕೆಲವಕ್ಕೆ ದಿನಾ ಕೈಯಲ್ಲೇ ಎಣ್ಣೆ ಬಿಡಬೇಕು. ಆಮೇಲಿನ ನಮೂನೆಗಳಲ್ಲಿ ಬ್ಲಾಕಿನ ಒಳಗಿಂದಲೇ ದಾರಿ ಇರುತ್ತದೆ. ಹೊಸ ಹೆಡ್ಡು ಆಯಿಲಿಗೆ ಬಾಯಿ ತೆರೆದು ಕೂತಿರುತ್ತದೆ, ಹಳೆ ಬ್ಲಾಕಿಗೆ ಕೊಡುವ ದಾರಿಯೇ ಇಲ್ಲ. ಪಕ್ಕದೂರಿನ ಒಂದು ಲಾರಿಗೆ ಹೀಗೇ ಆಯಿತು. ಹೆಡ್ ಹಾಕಿ ವಾರ ಓಡಿಸಿದರು. ಮೇಲೆ ಟಕಟಕ ಶಬ್ದ ಬಂತು, ಟ್ಯಾಪೆಟ್ ಸಡಿಲ ಅಂತ ಬಿಗಿದರು. ಆಮೇಲೆ ಬಿಚ್ಚಿ ನೋಡಿದರೆ ರಾಕರ್ ಶಾಫ್ಟ್ ಒಣಗಿ ಸವೆದು ನೀಲಿ ಬಣ್ಣಕ್ಕೆ ತಿರುಗಿತ್ತು.

ಪರಿಹಾರ ಕಷ್ಟವಿಲ್ಲ. ಆಯಿಲ್ ಪ್ರೆಷರ್ ಇರುವ ಮುಖ್ಯ ದಾರಿಯಿಂದ ತೆಳು ತಾಮ್ರದ ಪೈಪ್ ಎಳೆದು ರಾಕರ್ ಸ್ಟ್ಯಾಂಡಿಗೆ ಕೊಡಬಹುದು. ಆದರೆ ಪೈಪಿನ ಬಾಯಲ್ಲಿ ಬಹಳ ಸಣ್ಣ ತೂತಿನ ಜೆಟ್ ಇರಲೇಬೇಕು. ಇಲ್ಲದಿದ್ದರೆ ಆಯಿಲೆಲ್ಲ ಮೇಲಕ್ಕೇ ಹೋಗಿ ಕೆಳಗೆ ಬೇರಿಂಗಿಗೆ ಪ್ರೆಷರ್ ಇರುವುದಿಲ್ಲ. ಮೇಲೆ ಹೋದ ಆಯಿಲ್ ವಾಪಸು ಇಳಿಯುವ ದಾರಿಯನ್ನೂ ನೋಡಿ. ಎಲ್ಲ ಜೋಡಿಸಿದ ಮೇಲೆ ರಾಕರ್ ಮುಚ್ಚಳ ತೆಗೆದಿಟ್ಟು, ಇಂಜಿನ್ ಚಾಲೂ ಆಗದ ಹಾಗೆ ಡೀಸೆಲ್ ನಿಲ್ಲಿಸಿ ತಿರುಗಿಸಿ, ಒಂದೊಂದು ರಾಕರಿಗೂ ಆಯಿಲ್ ಬಂತೇ ಅಂತ ಕಣ್ಣಾರೆ ನೋಡಿ.

ಬೆಂಕಿ ಎಲ್ಲಿ ಹತ್ತುತ್ತದೆ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಡೀಸೆಲ್ ಇಂಜಿನ್ನಿನಲ್ಲಿ ಎರಡು ಪಂಗಡ. ಒಂದರಲ್ಲಿ ಹೆಡ್ಡಿನ ಒಳಗೆ ಒಂದು ಸಣ್ಣ ಕೋಣೆ, ಪ್ರೀಚೇಂಬರ್. ನಾಜಲ್ ಅದರೊಳಗೆ ಡೀಸೆಲ್ ಹೊಡೆಯುತ್ತದೆ, ಬೆಂಕಿ ಅಲ್ಲಿ ಹತ್ತಿ ಕಿರಿದಾದ ಬಾಯಿಯಿಂದ ಸಿಲಿಂಡರಿಗೆ ನುಗ್ಗುತ್ತದೆ. ಇಂಥದ್ದರಲ್ಲಿ ಪಿಸ್ಟನ್ ತಲೆ ಸಾಮಾನ್ಯವಾಗಿ ಚಪ್ಪಟೆ, ಇಲ್ಲವೆ ಆಳವಿಲ್ಲದ ತಗ್ಗು. ಇನ್ನೊಂದು ಡೈರೆಕ್ಟ್ ಇಂಜೆಕ್ಷನ್. ಹೆಡ್ ಚಪ್ಪಟೆ, ಪಿಸ್ಟನ್ ತಲೆಯಲ್ಲೇ ಬಟ್ಟಲಿನಂಥ ಗುಳಿ. ಡೀಸೆಲ್ ನೇರ ಆ ಗುಳಿಗೆ ಬೀಳುತ್ತದೆ.

ನಮ್ಮ ದೇಶದ ಲಾರಿ ಚರಿತ್ರೆಯಲ್ಲೂ ಇದು ಕಾಣುತ್ತದೆ. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜೆಮ್ಶೆಡ್‌ಪುರದಲ್ಲಿ ಲಾರಿ ಮಾಡಲು ತೊಡಗಿದಾಗ ಬೆಂಜಿನವರ ಒ.ಎಂ. 312 ಇಂಜಿನ್ ಪ್ರೀಚೇಂಬರಿನದು. ಅದೇ ಬೆಂಜಿನವರು 1964ರಲ್ಲಿ ತಂದ ಒ.ಎಂ. 352 ಡೈರೆಕ್ಟ್ ಇಂಜೆಕ್ಷನ್. ಹತ್ತು ವರ್ಷದೊಳಗೆ ಒಂದೇ ಮನೆಯ ಇಂಜಿನ್ನಿನ ಒಲೆ ಹೆಡ್ಡಿನಿಂದ ಪಿಸ್ಟನ್ನಿಗೆ ಇಳಿಯಿತು. ಡೀಸೆಲ್ ಉಳಿತಾಯವೇ ಇದಕ್ಕೆ ಕಾರಣ. ಒಳಕೋಣೆಯ ಗೋಡೆಗೆ ಹೋಗುವ ಶಾಖ ಉಳಿಯುತ್ತದೆ, ಚಳಿಯಲ್ಲೂ ಬೇಗ ಚಾಲೂ ಆಗುತ್ತದೆ.

"ಹೊಸ ನಮೂನೆ ಡೀಸೆಲ್ ಕಡಿಮೆ ಕುಡಿಯುತ್ತೆ" ಅಂತ ಕೇಳಿ ಡೈರೆಕ್ಟ್ ಹೆಡ್ಡನ್ನು ಪ್ರೀಚೇಂಬರ್ ಬ್ಲಾಕಿಗೆ ಹಾಕಲು ಹೊರಟರೆ ಬರೀ ಹೆಡ್ಡಿಗೆ ಮುಗಿಯುವುದಿಲ್ಲ. ಚಪ್ಪಟೆ ಪಿಸ್ಟನ್ನಿನ ಮೇಲೆ ಡೀಸೆಲ್ಲಿಗೆ ಉರಿಯಲು ಜಾಗವಿಲ್ಲ. ಪಿಸ್ಟನ್ ಬೇರೆ ಬೇಕು. ನಾಜಲ್ ಬೇರೆ, ಪ್ರೀಚೇಂಬರಿನದು ಒಂದೇ ಬಾಯಿಯ ಸೂಜಿ ನಾಜಲ್, ಡೈರೆಕ್ಟಿನದು ಹಲವು ಸಣ್ಣ ತೂತಿನದು, ಹೆಚ್ಚು ಒತ್ತಡದಲ್ಲಿ ತೆರೆಯುವಂಥದ್ದು. ಪಂಪು, ಟೈಮಿಂಗು ಕೂಡ ಅದಕ್ಕೆ ತಕ್ಕ ಹಾಗೆ ಬದಲಾಗಬೇಕು. ಇಷ್ಟೆಲ್ಲ ಮಾಡುವುದಕ್ಕಿಂತ ಬೇರೆ ಇಂಜಿನ್ ತರುವುದು ಲೇಸು. ಗುರುತು ಸುಲಭ: ಹೆಡ್ಡಿನಲ್ಲಿ ಹೀಟರ್ ಪ್ಲಗ್ಗಿನ ತೂತು ಇದ್ದು, ಕೆಳಮೈಯಲ್ಲಿ ಸಣ್ಣ ಕಿಂಡಿ ಮಾತ್ರ ಕಂಡರೆ ಅದು ಪ್ರೀಚೇಂಬರ್. ನಾಜಲ್ ಮೂತಿಯೇ ಹೊರಗೆ ಕಂಡರೆ ಡೈರೆಕ್ಟ್.

ಅರ್ಧ ಮಿಲಿಮೀಟರಿನ ಲೆಕ್ಕ

ಒಂದೇ ಪಂಗಡದ ಹೆಡ್ಡಾದರೂ ಪ್ಯಾಕಿಂಗ್ ದಪ್ಪ ಬೇರೆ ಇರುತ್ತದೆ. "ಅರ್ಧ ಮಿಲಿಮೀಟರಿಗೆ ಏನಾಗುತ್ತೆ ಬಿಡ್ರಿ" ಅನ್ನುವವರು ಈ ಲೆಕ್ಕ ನೋಡಬೇಕು.

ಕಿರ್ಲೋಸ್ಕರ್ ಎವಿ-1 ಇಂಜಿನ್ನಿನ ಬೋರ್ 80 ಮಿ.ಮೀ., ಸ್ಟ್ರೋಕ್ 110 ಮಿ.ಮೀ. ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ತಳ್ಳುವ ಗಾಳಿ 553 ಸಿ.ಸಿ. ಕಂಪ್ರೆಷನ್ 16.5ಕ್ಕೆ 1. ಅಂದರೆ ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗ 553ನ್ನು 15.5ರಿಂದ ಭಾಗಿಸಿದಷ್ಟು, ಸುಮಾರು 35.7 ಸಿ.ಸಿ.

ಈಗ ಪ್ಯಾಕಿಂಗ್ ಅರ್ಧ ಮಿ.ಮೀ. ದಪ್ಪ ಆಯಿತು ಅನ್ನಿ. 80 ಮಿ.ಮೀ. ಬೋರಿನ ಮೇಲೆ ಅದು 2.5 ಸಿ.ಸಿ. ಹೆಚ್ಚು ಜಾಗ. ಒಟ್ಟು 38.2 ಸಿ.ಸಿ. ಕಂಪ್ರೆಷನ್ 15.5ಕ್ಕೆ ಇಳಿಯಿತು. ನಾಲ್ಕೈದು ಹಾಳೆ ಕಾಗದದ ದಪ್ಪಕ್ಕೆ ಇಡೀ ಒಂದು ಅಂಕ ಹೋಯಿತು. ಡೀಸೆಲ್ ಹತ್ತುವುದು ಗಾಳಿ ಒತ್ತಿ ಕಾದ ಬಿಸಿಯಿಂದಲೇ. ಬೆಳಗಿನ ಚಳಿಯಲ್ಲಿ ಹ್ಯಾಂಡಲ್ ಹೊಡೆದು ಹೊಡೆದು ರಟ್ಟೆ ಬೀಳುವುದು, ಬಿಳಿ ಹೊಗೆ ಬರುವುದು ಇದರಿಂದಲೂ ಇರಬಹುದು. ಅದೇ ಅರ್ಧ ಮಿ.ಮೀ. ತೆಳುವಾದರೆ ಕಂಪ್ರೆಷನ್ 17.7ರ ಹತ್ತಿರ ಹೋಗುತ್ತದೆ. ಅದಕ್ಕಿಂತ ಅಪಾಯ ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುವುದು.

ಹೆಚ್ಚು ಕಂಪ್ರೆಷನ್ ಅಂದರೆ ಹೆಚ್ಚು ಬಲ ಅಂತ ಖುಷಿ ಪಡುವವರು ಕೆಳಗಡೆಯನ್ನೂ ನೋಡಬೇಕು. ಚೆವರ್ಲೆಯ 1953ರವರೆಗಿನ 216 ಇಂಚಿನ ಇಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿಗೆ ಎರಕ ಹೊಯ್ದ ಬಿಳಿ ಲೋಹದ ಬೇರಿಂಗು, ಆಯಿಲ್ ಬರುವುದು ಚಮಚದಂಥ ಕೊಂಡಿ ಆಯಿಲ್ ಎರಚುವುದರಿಂದ. ಆಮೇಲಿನ ಇಂಜಿನ್ನುಗಳಿಗೆ ಪ್ರೆಷರ್ ಆಯಿಲ್ ಬಂತು, ಆ ಮೇಲೆಯೇ ಕಂಪ್ರೆಷನ್ ಚೆನ್ನಾಗಿ ಏರಿಸಿದರು. ಮುದಿ ಎತ್ತಿಗೆ ಹೊಸ ನೊಗ ಕಟ್ಟಿದರೆ ಭಾರ ಬೀಳುವುದು ಎತ್ತಿನ ಮೇಲೆಯೇ.

ಸೀಸದ ತಂತಿ, ಹಿಟ್ಟಿನ ಉಂಡೆ, ಸಿರಿಂಜು

ಅಳೆಯಲು ದುಬಾರಿ ಸಾಮಾನು ಬೇಡ. ವರ್ನಿಯರ್ ಮತ್ತು ಫೀಲರ್ ಗೇಜ್ ಮಾತ್ರ ಕೈಬದಲು ತಂದುಕೊಳ್ಳಿ.

ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಸಂದು: ಬೆಸುಗೆ ಹಾಕುವ 2 ಮಿ.ಮೀ. ಸೀಸದ ತಂತಿಯ ಎರಡು ತುಂಡು ತೆಗೆದುಕೊಳ್ಳಿ. ಪಿಸ್ಟನ್ ಪಿನ್ನಿನ ನೇರಕ್ಕೆ ಎರಡು ಬದಿಗೂ ಗ್ರೀಸಿನಿಂದ ಅಂಟಿಸಿ. ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಅಳತೆ ತಪ್ಪುತ್ತದೆ. ಗುಳಿಯ ಮೇಲೆ, ವಾಲ್ವ್ ಕೆಳಗೆ ಇಡಬೇಡಿ. ಪ್ಯಾಕಿಂಗ್ ಹಾಕಿ ಹೆಡ್ ಪೂರ್ತಿ ಬಿಗಿದು, ಫ್ಲೈವೀಲನ್ನು ಕೈಯಲ್ಲೇ ನಿಧಾನ ಒಂದು ಸುತ್ತು ತಿರುಗಿಸಿ. ಬಿಚ್ಚಿ ಚಪ್ಪಟೆಯಾದ ತಂತಿಯ ದಪ್ಪ ಅಳೆಯಿರಿ. ಇಂಜಿನ್ ಪುಸ್ತಕದ ಅಳತೆಗೆ ಹೋಲಿಸಿ. ಪುಸ್ತಕ ಇಲ್ಲದಿದ್ದರೆ ಹಳೆ ಹೆಡ್ ಬಿಚ್ಚುವ ಮುಂಚೆಯೇ, ಒಡೆದಿದ್ದರೂ ಪರವಾಗಿಲ್ಲ, ನಾಜಲ್ ತೂತಿನಿಂದಲೋ ಹೆಡ್ ಮತ್ತೆ ಕೂರಿಸಿಯೋ ಇದೇ ಅಳತೆ ತೆಗೆದಿಟ್ಟುಕೊಳ್ಳಿ. ನನ್ನ ಇಂಜಿನ್ನಿನಲ್ಲಿ ಹಳೆ ಹೆಡ್ಡಿಗೆ 0.9 ಮಿ.ಮೀ. ಇದ್ದದ್ದು ಹೊಸ ಹೆಡ್ಡಿನ ಪ್ಯಾಕಿಂಗಿಗೆ 1.4 ಬಂತು. ತಕ್ಕ ದಪ್ಪದ ಪ್ಯಾಕಿಂಗ್ ಹುಡುಕಿ ತಂದ ಮೇಲೆ ಮತ್ತೆ 0.9ಕ್ಕೆ ಬಂತು. ಸಿಲಿಂಡರ್ ಬೇರೆ, ಕ್ರಾಂಕ್‌ಕೇಸ್ ಬೇರೆ ಇರುವ ಒಂಟಿ ಸಿಲಿಂಡರ್ ಇಂಜಿನ್ನಾದರೆ ಸಿಲಿಂಡರ್ ಬುಡದ ಪ್ಯಾಕಿಂಗ್ ಬದಲಿಸಿಯೂ ಹೊಂದಿಸಬಹುದು.

ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆಯೇ: ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟಿನ ಉಂಡೆ ಪಿಸ್ಟನ್ ಮೇಲೆ ವಾಲ್ವ್ ಬರುವ ಜಾಗಕ್ಕೆ ಒತ್ತಿ, ಮೇಲೆ ಎಣ್ಣೆ ಸವರಿ. ಹೆಡ್ ಕೂರಿಸಿ, ಟ್ಯಾಪೆಟ್ ಹೊಂದಿಸಿ, ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿ ತಡೆದರೆ ಅಲ್ಲೇ ನಿಲ್ಲಿಸಿ. ಬಿಚ್ಚಿ ಹಿಟ್ಟನ್ನು ಬ್ಲೇಡಿನಿಂದ ಕೊಯ್ದು ಅತಿ ತೆಳು ಜಾಗ ಅಳೆಯಿರಿ. ಹಿಟ್ಟನ್ನು ಪೂರ್ತಿ ಒರೆಸಿ ತೆಗೆಯಿರಿ.

ಪೆಟ್ರೋಲ್ ಹೆಡ್ಡುಗಳಲ್ಲಿ ಬೆಂಕಿ ಕೋಣೆ ಹೆಡ್ಡಿನಲ್ಲೇ ಇರುತ್ತದೆ. ಅದರ ಅಳತೆಗೆ ಹೆಡ್ ಮಗುಚಿ, ಕೋಣೆಯ ಮೇಲೆ ಸಣ್ಣ ತೂತಿನ ಗಾಜು ಅಥವಾ ಪ್ಲಾಸ್ಟಿಕ್ ಹಲಗೆಯನ್ನು ಗ್ರೀಸು ಹಚ್ಚಿ ಕೂರಿಸಿ. ದನಕ್ಕೆ ಚುಚ್ಚುವ ದೊಡ್ಡ ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿಸಿ, ಎಷ್ಟು ಸಿ.ಸಿ. ಹಿಡಿಯಿತು ಎಣಿಸಿ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ತಿಳಿಯುತ್ತದೆ.

ಪುಶ್‌ರಾಡ್ ಉದ್ದ: ಹೊಸ ಹೆಡ್ ಎತ್ತರವಿದ್ದರೆ ಹಳೆ ಪುಶ್‌ರಾಡ್ ಗಿಡ್ಡವಾಗುತ್ತದೆ. ಅಡ್ಜಸ್ಟ್ ಸ್ಕ್ರೂ ತುದಿಗೆ ಬಂದರೆ ಅದೇ ಸೂಚನೆ. ವಾಲ್ವ್ ಅರ್ಧ ತೆರೆದಾಗ ರಾಕರ್ ಮೂತಿ ವಾಲ್ವ್ ಕಡ್ಡಿಯ ನಡುಮಧ್ಯೆ ಇರಬೇಕು. ಪಕ್ಕಕ್ಕೆ ಒತ್ತಿದರೆ ಗೈಡ್ ಬೇಗ ಸವೆಯುತ್ತದೆ.

ಹಳೆ ಹೆಡ್ ಕೊಳ್ಳುವಾಗ

ಗುಜರಿಯ ಹೆಡ್ಡಿಗೆ ದುಡ್ಡು ಕೊಡುವ ಮುಂಚೆ ಎರಡು ವಾಲ್ವ್ ಸೀಟಿನ ನಡುವಿನ ಜಾಗ ತೊಳೆದು ನೋಡಿ. ಬಿರುಕು ಹೆಚ್ಚಾಗಿ ಅಲ್ಲೇ. ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕು ಇದ್ದರೆ ಸ್ವಲ್ಪ ಹೊತ್ತಿಗೆ ಗೆರೆ ಎದ್ದು ಕಾಣುತ್ತದೆ. ಮೇಲ್ಮೈ ಮೇಲೆ ನೇರ ಪಟ್ಟಿ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಹಾಕಿ ಡೊಂಕು ನೋಡಿ. ಲೇತಿನಲ್ಲಿ ಮೇಲ್ಮೈ ತೆಗೆಸುವುದಾದರೆ ಕನಿಷ್ಠ ಮಾತ್ರ. ಚಪ್ಪಟೆ ಡೀಸೆಲ್ ಹೆಡ್ಡಿನಲ್ಲಿ ಹೆಚ್ಚು ತೆಗೆದರೆ ವಾಲ್ವ್ ಮುಖ ಮತ್ತು ನಾಜಲ್ ಮೂತಿ ಪಿಸ್ಟನ್ನಿಗೆ ಹತ್ತಿರ ಬರುತ್ತವೆ. ವಾಲ್ವ್ ಸೀಟನ್ನೂ ಒಳಗಿಳಿಸಬೇಕು, ನಾಜಲ್ಲಿನ ತಾಮ್ರದ ವಾಷರನ್ನೂ ನೋಡಿಕೊಳ್ಳಬೇಕು.

ಬಿಗಿಯುವ ಕ್ರಮ

ಹಳೆ ಬ್ಲಾಕಿನಲ್ಲಿ ಇಂಚಿನ ಮರೆ, ಹೊಸ ಸ್ಟಡ್ಡಿನಲ್ಲಿ ಮಿಲಿಮೀಟರ್ ಮರೆ ಇರಬಹುದು. ಎರಡು ಸುತ್ತು ಕೈಯಲ್ಲಿ ಹೋಗಿ ಆಮೇಲೆ ಬಿಗಿಯಾದರೆ ಪಾನಾ ಹಾಕಿ ಒತ್ತಬೇಡಿ, ಬ್ಲಾಕಿನ ಮರೆ ಹೋಗುತ್ತದೆ. ತಳ ಮುಚ್ಚಿದ ಸ್ಟಡ್ ತೂತಿನಲ್ಲಿ ನೀರು, ಆಯಿಲ್ ನಿಂತಿದ್ದರೆ ಬತ್ತಿಯಿಂದ ಪೂರ್ತಿ ತೆಗೆಯಿರಿ. ಅದರ ಮೇಲೆ ಸ್ಟಡ್ ಬಿಗಿದರೆ ಒಳಗಿನ ಒತ್ತಡಕ್ಕೆ ಬ್ಲಾಕೇ ಬಿರಿಯುತ್ತದೆ.

ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎದುರುಬದುರು, ಮೂರು ಸಲಕ್ಕೆ ಬಿಗಿಯಬೇಕು. ಟಾರ್ಕ್ ರೆಂಚ್ ಇರುವ ಮೇಸ್ತ್ರಿಯಿಂದಲೇ ಮಾಡಿಸಿ. ಉದ್ದ ಪೈಪು ಹಾಕಿ ಜಗ್ಗುವುದು ಬಲ ಹೌದು, ಅಳತೆ ಅಲ್ಲ.

ಮೊದಲ ದಿನ

ಚಾಲೂ ಮಾಡಿ ಅರ್ಧ ಗಂಟೆ ಲೋಡಿಲ್ಲದೆ ಓಡಿಸಿ. ರೇಡಿಯೇಟರಿನಲ್ಲೋ ತೊಟ್ಟಿಯಲ್ಲೋ ನೀರಿನ ಗುಳ್ಳೆ ನಿಲ್ಲದೆ ಬಂದರೆ ಬೆಂಕಿ ನೀರಿಗೆ ನುಗ್ಗುತ್ತಿದೆ. ಆಯಿಲ್ ಕಡ್ಡಿ ತೆಗೆದಾಗ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಎರಡರಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಿ. ಎಲ್ಲ ಸರಿಯಿದ್ದರೆ ತಣ್ಣಗಾದ ಮೇಲೆ ನಟ್ಟು ಮತ್ತೊಮ್ಮೆ ಅದೇ ಕ್ರಮದಲ್ಲಿ ನೋಡಿ ಟ್ಯಾಪೆಟ್ ಹೊಂದಿಸಿ. ಮತ್ತೆ ಬಿಗಿಯಬಾರದು ಅಂತ ಬರೆದ ಪ್ಯಾಕಿಂಗೂ ಇವೆ, ಅದರ ಚೀಟಿ ಓದಿ.

ಯಾವಾಗ ಬೇಡ?

ಹೆಡ್ಡಿನ ಬೆಲೆ ಒಂದೇ ಅಲ್ಲ. ಪ್ಯಾಕಿಂಗ್, ಸ್ಟಡ್, ಪುಶ್‌ರಾಡ್, ಲೇತಿನ ಕೂಲಿ, ನಾಜಲ್ ಟೆಸ್ಟು, ಮೇಸ್ತ್ರಿ ಕೂಲಿ, ಪೇಟೆಗೆ ಓಡಾಟ, ಎಲ್ಲ ಬರೆದು ಕೂಡಿಸಿ. ಅದು ಓಡುತ್ತಿರುವ ಹಳೆ ಇಂಜಿನ್ನಿನ ಬೆಲೆಯ ಅರ್ಧ ದಾಟಿದರೆ ನಾನಂತೂ ಕೈ ಹಾಕುವುದಿಲ್ಲ. ಬೋರ್ ಸವೆದು ಆಯಿಲ್ ಕುಡಿಯುತ್ತಿರುವ ಬ್ಲಾಕಿಗೂ ಹೊಸ ಹೆಡ್ ಬೇಡ. ಬೆಂಕಿ ಪಂಗಡ ಬೇರೆಯಾದರೆ ಖಂಡಿತ ಬೇಡ.

ಇನ್ನೊಂದು ಮಾತು. ಬೆಳೆ ಬಾಡುತ್ತಿರುವಾಗ ಈ ಕೆಲಸ ಹಿಡಿಯಬೇಡಿ. ಆಗ ಅಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ, "ಹೇಗೋ ಕೂರಿಸಪ್ಪಾ" ಅನ್ನುತ್ತೇವೆ, ಮೇಸ್ತ್ರಿಯೂ ಹೇಗೋ ಕೂರಿಸುತ್ತಾನೆ. ಆ ಎರಡು ನೀರಿಗೆ ಬಾಡಿಗೆ ಇಂಜಿನ್ ತನ್ನಿ, ಬಾಡಿಗೆ ಎಷ್ಟಾದರೂ ಒಡೆದ ಬ್ಲಾಕಿಗಿಂತ ಕಡಿಮೆ. ನಾನು ಮಾಡಿದ್ದೂ ಹಾಗೇ. ಶೇಂಗಾ ಕಿತ್ತ ಮೇಲೆ ಬಿಡುವಾಗಿ ಹೆಡ್ ಕೆಲಸ ಮಾಡಿಸಿದೆ. ಅಳತೆಗೇ ನಾಲ್ಕು ದಿನ ಹಿಡಿಯಿತು, ಬಿಗಿಯಲು ಅರ್ಧ ದಿನ ಸಾಕಾಯಿತು.

ಬೇರೆ ಬೇರೆ ಇಂಜಿನ್ನುಗಳಿಗೆ ಹೀಗೆ ಹೆಡ್ ಬದಲಿಸಿದ ರೈತರು ಇರಬಹುದು. ಯಾವ ಬ್ಲಾಕಿಗೆ ಯಾವ ಹೆಡ್ ಹೊಂದಿತು, ಏನು ಬದಲಿಸಬೇಕಾಯಿತು, ಹೊಂದದಿದ್ದರೆ ಏಕೆ ಹೊಂದಲಿಲ್ಲ, ಅಳತೆ ಸಮೇತ ಪತ್ರಿಕೆಗೆ ಬರೆಯಿರಿ. ಅಂಗಡಿಯ ಬಾಯಿ ಮಾತಿಗಿಂತ ಒಬ್ಬ ರೈತನ ಅಳತೆ ಇನ್ನೊಬ್ಬನಿಗೆ ಹೆಚ್ಚು ಉಪಯೋಗ.